ಉಡುಪಿ ರಕ್ತಕ್ಕೆ ರೇಟು ಕಡಿಮೆ

ನಮ್ಮ ಪಕ್ಕದ ಮನೆಯ ಸುಬೇದಾರರು ಸೈನ್ಯದಿಂದ ನಿವೃತ್ತರಾಗಿ ತುಂಬಾ ವರ್ಷವಾಯಿತು. ಕೈಯಲ್ಲಿ ಇಸಿಎಚ್‌ಎಸ್ ಕಾರ್ಡು, ಅಂದರೆ ಮಾಜಿ ಸೈನಿಕರ ಚಿಕಿತ್ಸೆಗೆ ಸರ್ಕಾರ ಕೊಟ್ಟ ಕಾರ್ಡು ಉಂಟು. ಮೊನ್ನೆ ಬೆಳಗ್ಗೆ ಅವರನ್ನು ಖಾಲಿ ಹೊಟ್ಟೆಯಲ್ಲಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಂಗಳೂರಿನ ಒಂದು ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ಈಗ ಇಲ್ಲ ಅಂಕಲ್. ರೇಟು ಆಗುದಿಲ್ಲ ಅಂತ ಸಾರ್ ನಿಲ್ಲಿಸಿದ್ದಾರೆ. ಕ್ಯಾಶ್ ಆದ್ರೆ ಈಗಲೇ ತೆಗೀತೇವೆ."

ಗಡಿಯಲ್ಲಿ ನಿಂತು ಬಂದ ಮನುಷ್ಯ ತುಟಿಪಿಟಕ್ಕೆನ್ನದೆ ಪರ್ಸ್ ತೆಗೆದರು.

ರೇಟು ಆಗುದಿಲ್ಲ! ಈ ಮಾತನ್ನು ನಾನು ಇಲ್ಲಿಯವರೆಗೆ ಮೀನು ಇಳಿಸುವ ಧಕ್ಕೆಯಲ್ಲಿ ಬಂಗುಡೆ ಬುಟ್ಟಿಯ ಮುಂದೆ ಮಾತ್ರ ಕೇಳಿದ್ದು. ಹಾಗಾದರೆ ರಕ್ತದ ರೇಟು ಕಟ್ಟುವವರು ಯಾರು ಅಂತ ಹುಡುಕಿದೆ. ಇಸಿಎಚ್‌ಎಸ್‌ಗೆ ಬಿಲ್ಲು ಪಾಸಾಗುವುದು ಸಿಜಿಎಚ್‌ಎಸ್ ದರದಲ್ಲಿ. ಕೇಂದ್ರ ಸರ್ಕಾರದ ನೌಕರರಿಗಾಗಿ 1954ರಲ್ಲಿ ದೆಹಲಿಯಲ್ಲಿ ಶುರುವಾದ ಆರೋಗ್ಯ ಯೋಜನೆ ಅದು. ಅದರ ಹಳೆಯ ದರಪಟ್ಟಿ 2014ರದ್ದು. ಅಲ್ಲಿ ಇಲ್ಲಿ ತೇಪೆ ಹಾಕಿದ್ದು ಬಿಟ್ಟರೆ, ಪಟ್ಟಿಯನ್ನು ಸರಿಯಾಗಿ ಪರಿಷ್ಕರಿಸಿದ್ದು 2025ರ ಅಕ್ಟೋಬರಿನಲ್ಲಿ. ನಡುವೆ ಹನ್ನೊಂದು ವರ್ಷ. ಅಷ್ಟರಲ್ಲಿ ನೋಟು ಬಂದ್ ಆಯಿತು, ಜಿಎಸ್‌ಟಿ ಬಂತು, ಕೊರೊನಾ ಬಂದು ಹೋಯಿತು. ಪಟ್ಟಿ ಮಾತ್ರ ಗಡದ್ದಾಗಿ ಊಟ ಮಾಡಿದ ಶಾನುಭೋಗರ ಹಾಗೆ ಮಲಗಿತ್ತು. ಇಂಥ ನಿದ್ದೆಗೂ ಪುಣ್ಯ ಬೇಕು.

ನಮ್ಮ ಶಂಕರಪುರದ ಮಲ್ಲಿಗೆಯನ್ನೇ ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದರ ದರ ದಿನಾ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮಳೆ ಬಂತಾ, ಮದುವೆ ಜಾಸ್ತಿ ಉಂಟಾ, ಎಲ್ಲಿ ನೇಮ, ಎಲ್ಲಿ ಬ್ರಹ್ಮಕಲಶ, ಎಲ್ಲಾ ಲೆಕ್ಕ ಹಾಕುತ್ತಾರೆ. ಅಲ್ಲಿ ಐಎಎಸ್ ಪಾಸಾದವರು ಯಾರೂ ಕೂತಿಲ್ಲ. ಆದರೂ ಮಧ್ಯಾಹ್ನದೊಳಗೆ ಊರಿಗೆಲ್ಲ ರೇಟು ಗೊತ್ತಾಗಿರುತ್ತದೆ. ಹೂ ಬೆಳೆದವಳು ನಾಲ್ಕು ಮಾತು ಬೈದಾಳು, ನಿಜ. ಆದರೆ 2014ರ ರೇಟು ಕೊಡುತ್ತೇನೆ ಅಂತ ಯಾವನಾದರೂ ಬಂದರೆ ಅವನನ್ನು ಹೂವಿನ ಜೊತೆಗೇ ಬಾಳೆನಾರಿನಲ್ಲಿ ಕಟ್ಟಿಬಿಟ್ಟಾಳು.

ಇರಲಿ, ಕೊನೆಗೂ ಹೊಸ ಪಟ್ಟಿ ಬಂತಲ್ಲ. ಅದರ ಜಾಣತನ ನೋಡಿ. ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಜಾತಿ ಮಾಡಿದ್ದಾರೆ. ಬೆಂಗಳೂರು ಎಕ್ಸ್, ಅದಕ್ಕೆ ಪೂರ್ತಿ ದರ. ಮಂಗಳೂರು ವೈ, ಇಲ್ಲಿ ಶೇ. 10 ಕಡಿಮೆ. ಉಡುಪಿ ಝಡ್, ಅಲ್ಲಿ ಶೇ. 20 ಕಡಿಮೆ. ಲ್ಯಾಬಿಗೆ ಮಾನ್ಯತೆಯ ಪ್ರಮಾಣಪತ್ರ ಇಲ್ಲವಾ? ಇನ್ನೊಂದು ಶೇ. 15 ಕತ್ತರಿಸಿ. ಅಂದರೆ ಬೆಂಗಳೂರಿನಲ್ಲಿ 100 ರೂಪಾಯಿಗೆ ಹೋಗುವ ರಕ್ತ ಉಡುಪಿಯ ಸಣ್ಣ ಲ್ಯಾಬಿನಲ್ಲಿ 68 ರೂಪಾಯಿ. ಸುಬೇದಾರರ ತಂಗಿ ಇರುವುದು ಉಡುಪಿಯಲ್ಲಿ. ಒಂದೇ ತಾಯಿಯ ಮಕ್ಕಳು, ಒಂದೇ ಬಿ ಪಾಸಿಟಿವ್, ಒಂದೇ ಸಕ್ಕರೆ ಕಾಯಿಲೆ. ಹೆಜಮಾಡಿಯಲ್ಲಿ ಟೋಲ್ ಕಟ್ಟಿ ಆಚೆ ಹೋದರೆ ತಂಗಿಯ ಸಕ್ಕರೆ ಅಗ್ಗ!

ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ, ಸಂಬಳ ಕಡಿಮೆ ಅಂತ ಲೆಕ್ಕ ಇರಬಹುದು. ಮಣಿಪಾಲದಲ್ಲಿ ಬಾಡಿಗೆ ಮನೆ ಹುಡುಕಿದವರು ದಯವಿಟ್ಟು ನಗಬೇಡಿ. ಆದರೆ ಪರೀಕ್ಷೆಗೆ ಬೇಕಾದ ರಾಸಾಯನಿಕ, ಅದರ ಮೆಷಿನ್ನು, ರಿಪೇರಿಗೆ ಬರುವ ಇಂಜಿನಿಯರು, ಇವೆಲ್ಲ ಘಟ್ಟ ಇಳಿದೇ ಬರಬೇಕು. ಝಡ್ ಊರು ಅಂತ ಮೆಷಿನ್ ಕಂಪನಿಯವನು ಶೇ. 20 ಬಿಡುತ್ತಾನಾ?

ಅಮೆರಿಕದವರು ಏನೂ ಕಮ್ಮಿ ಇಲ್ಲ. ಅಲ್ಲಿ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ವಿಮೆ ಮೆಡಿಕೇರ್ 1984ರಲ್ಲಿ ಮಾಡಿದ ಲ್ಯಾಬ್ ದರಪಟ್ಟಿಯನ್ನೇ ದಶಕಗಟ್ಟಲೆ ಎಳೆಯಿತು. 2014ರಲ್ಲಿ ಕಾನೂನು ತಂದು, ಖಾಸಗಿ ವಿಮೆಯವರು ಎಷ್ಟು ಕೊಡುತ್ತಾರೋ ಅದರ ನಡುವಿನ ದರ ಹಿಡಿಯೋಣ ಅಂದರು. ಲೆಕ್ಕ ಬಂದದ್ದು ಹೆಚ್ಚಾಗಿ ದೊಡ್ಡ ದೊಡ್ಡ ಲ್ಯಾಬುಗಳಿಂದ. ಸಗಟಿನವನ ರೇಟು ಕೇಳಿ ಚಿಲ್ಲರೆ ಅಂಗಡಿಗೆ ಬೆಲೆ ಕಟ್ಟಿದ ಹಾಗೆ. 2018ರಿಂದ ದರ ಕತ್ತರಿಸಿದರು, ಗಲಾಟೆಯಾಯಿತು, ಆಮೇಲೆ ಉಳಿದ ಕಡಿತವನ್ನು ಮತ್ತೆ ಮತ್ತೆ ಮುಂದೂಡುತ್ತಾ ಬಂದರು. ಮುಂದೂಡುವ ವಿದ್ಯೆಗೆ ಪಾಸ್‌ಪೋರ್ಟ್ ಬೇಡ ನೋಡಿ.

ಹಾಗಂತ ನಮ್ಮವರಿಗೆ ಬೇಗ ಮಾಡಲು ಬರುವುದಿಲ್ಲ ಅಂತಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಪರೀಕ್ಷೆಗೆ ಹೆಚ್ಚೆಂದರೆ 4500 ರೂಪಾಯಿ ಅಂದರು. ವರ್ಷ ತುಂಬುವ ಮೊದಲೇ ಅದು ಮೂರಂಕಿಗೆ ಇಳಿಯಿತು. ಆಗ ಹೆದರಿಕೆ ಇತ್ತು, ಹಾಗಾಗಿ ಫೈಲು ಓಡಿತು.

ಇನ್ನು ಬಡವರ ಕಾರ್ಡು. ಆಯುಷ್ಮಾನ್ ಭಾರತ್, ನಮ್ಮಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕೇಳಲು ಎಷ್ಟು ಚಂದ ಅಲ್ವಾ? ಅದರಲ್ಲಿ ಸಾಮಾನ್ಯ ಪರೀಕ್ಷೆಗೆ ಅಂತ ಬೇರೆ ದುಡ್ಡಿಲ್ಲ, ಹೆಚ್ಚಾಗಿ ಎಲ್ಲಾ ಚಿಕಿತ್ಸೆಯ ಪ್ಯಾಕೇಜಿನ ಒಳಗೆ. ಅಡ್ಮಿಟ್ ಆಗುವ ಮೊದಲಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನ ಅದಕ್ಕೆ ಸೇರುತ್ತದೆ. ಅಡ್ಮಿಟ್ ಆಗದಿದ್ದರೆ? ಏನೂ ಇಲ್ಲ. ಮಳೆಗಾಲದ ಮಂಗಳೂರಿನಲ್ಲಿ ಜ್ವರ ಬಂದರೆ ಮಲೇರಿಯಾವೋ ಡೆಂಗಿಯೋ ಅಂತ ಮೊದಲು ರಕ್ತ ನೋಡಬೇಕು. ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋದರೆ ಆಗುತ್ತದೆ, ಜ್ವರದಲ್ಲಿ ಕ್ಯೂ ನಿಲ್ಲುವ ತ್ರಾಣ ಇದ್ದರೆ, ಆ ದಿನದ ಕೂಲಿ ಬಿಟ್ಟರೆ. ಬೀಡಿ ಕಟ್ಟುವ ಹೆಂಗಸು ಅಷ್ಟು ಹೊತ್ತು ಎಲ್ಲಿಂದ ತರಬೇಕು? ಅವಳು ಮೆಡಿಕಲ್‌ನಿಂದ ಎರಡು ಪ್ಯಾರಾಸಿಟಮಾಲ್ ತಂದು ನುಂಗಿ ಕಟ್ಟುತ್ತಾ ಕೂರುತ್ತಾಳೆ. ತೀರಾ ಬಿದ್ದ ಮೇಲೆ ಕಾರ್ಡು ಓಡುತ್ತದೆ. ಅದಕ್ಕೆ ಮೊದಲು ಆಗಬೇಕಿದ್ದ ನಾಲ್ಕು ಕಾಸಿನ ಪರೀಕ್ಷೆಗೆ ದಿಕ್ಕಿಲ್ಲ. ಇದನ್ನು ಬರೆಯುವಾಗ ನಗೆ ಬರುವುದಿಲ್ಲ ಮಾರಾಯ್ರೇ. ಸುಸ್ತಾಗುತ್ತದೆ.

ಸುಬೇದಾರರ ರಿಪೋರ್ಟು ಮರುದಿನ ವಾಟ್ಸ್ಯಾಪಿಗೆ ಬಂತು. ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರದವರೆಗೂ ಓದಿದರು. ವಿಟಮಿನ್ ಡಿ ಎದುರು 'ಪರೀಕ್ಷೆ ನಡೆದ ಸ್ಥಳ: ಬೆಂಗಳೂರು' ಅಂತ ಇತ್ತು.

"ಅಂದರೆ ನನ್ನ ರಕ್ತ ರಾತ್ರಿ ಶಿರಾಡಿ ಘಾಟಿ ಹತ್ತಿತಾ?" ಅಂದರು. "ಸೊಂಟ ನೋವು ಅಂತ ನಾನೇ ಆ ಕಡೆ ಹೋಗದೆ ಆರು ವರ್ಷ ಆಯ್ತು."