ಎಲ್ಲದಕ್ಕೂ ಲಕ್ವ ಅಂದರೆ ಹೇಗೆ?

ಮೊನ್ನೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಂದೇಶ ಬಂತು. ಲಕ್ವ ಹೊಡೆದರೆ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ ಅಂತ. ಶುದ್ಧ ಸುಳ್ಳು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ತಿಪಟೂರಿನ ಕಡೆ ನಮ್ಮ ದೊಡ್ಡಪ್ಪನಿಗೆ ಹೀಗಾದಾಗ ಸೂಜಿ ಚುಚ್ಚಲಿಲ್ಲ, ಅಷ್ಟು ಪುಣ್ಯ. ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಮೊದಲು ನೀರು ಕುಡಿಸಿದರು, ಆಮೇಲೆ ನಾಟಿ ಔಷಧಿಯವರ ಹತ್ತಿರ ಕರೆದುಕೊಂಡು ಹೋದರು, ಅಲ್ಲಿಂದ ಒಂದು ನರ್ಸಿಂಗ್ ಹೋಮ್, ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲ ಅಂತ ಇನ್ನೊಂದು ಊರು. ಬೆಳಿಗ್ಗೆ ಬಿದ್ದವರಿಗೆ ಸ್ಕ್ಯಾನ್ ಆಗಿದ್ದು ರಾತ್ರಿ.

ಇಲ್ಲಿ ಲಂಡನ್ನಿನಲ್ಲಿ ಪಕ್ಕದ ಮನೆಯ ಅಜ್ಜನ ಮಾತು ತೊದಲಿದ್ದೇ ತಡ, ಅಜ್ಜಿ 999ಕ್ಕೆ ಫೋನ್ ಮಾಡಿದರು. ಆಕೆಯೇನು ಡಾಕ್ಟರಲ್ಲ. ಮುಖ, ತೋಳು, ಮಾತು ನೋಡಿ ಅಂತ 2009ರಿಂದ ಟಿವಿಯಲ್ಲಿ ತೋರಿಸಿ ತೋರಿಸಿ ಜನಕ್ಕೆ ಬಾಯಿಪಾಠ ಆಗಿದೆ. ಆಂಬುಲೆನ್ಸಿನವರು ಮೊದಲು ಕೇಳಿದ್ದು, ಕೊನೆಗೆ ಇವರು ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ ಅಂತ. ಹತ್ತಿರದ ಆಸ್ಪತ್ರೆ ದಾಟಿಕೊಂಡೇ ಹೋದರು. 2010ರಲ್ಲಿ ಲಂಡನ್ನಿನ ಸ್ಟ್ರೋಕ್ (ಮಿದುಳಿನ ರಕ್ತನಾಳ ಕೆಟ್ಟು ಆಗುವ ಲಕ್ವ) ಚಿಕಿತ್ಸೆಯನ್ನು 8 ದೊಡ್ಡ ಘಟಕಗಳಿಗೆ ಸೇರಿಸಿದ್ದಾರೆ, ಅಲ್ಲಿಗೇ ಹೋಗಬೇಕು. ನುಂಗಲು ಆಗುತ್ತದಾ ಅಂತ ಪರೀಕ್ಷೆ ಮಾಡುವವರೆಗೆ ಒಂದು ಗುಟುಕು ನೀರೂ ಕೊಡಲಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ಕಾಯಿಲೆ.

ಸ್ಕ್ಯಾನಿಗೆ ಯಾಕಿಷ್ಟು ಅವಸರ ಅಂದರೆ, ಸ್ಟ್ರೋಕ್ ಒಂದೇ ಬಗೆಯದಲ್ಲ. ಇಂಗ್ಲೆಂಡಿನಲ್ಲಿ 100ಕ್ಕೆ ಸುಮಾರು 85 ಮಿದುಳಿನ ರಕ್ತನಾಳ ಕಟ್ಟಿಕೊಂಡು ಆಗುವುದು, ಉಳಿದದ್ದು ನಾಳ ಒಡೆದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕಟ್ಟಿಕೊಂಡಿದ್ದರೆ 4.5 ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ದೊಡ್ಡ ನಾಳವಾದರೆ ತೊಡೆಯ ಸಂದಿಯಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ, ಸಾಮಾನ್ಯವಾಗಿ 6 ಗಂಟೆಯೊಳಗೆ, ಕೆಲವರಿಗೆ ಸ್ಕ್ಯಾನ್ ನೋಡಿಕೊಂಡು 24 ಗಂಟೆವರೆಗೂ. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ಅಲ್ಲಿ ಬಿಪಿ ಇಳಿಸಬೇಕು, ಕೆಲವೊಮ್ಮೆ ಆಪರೇಷನ್. ಸುಮ್ನೆ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದೂ ಅದಕ್ಕೇ ತಪ್ಪು.

ನಾಟಿ ಔಷಧಿಗೆ ಹೆಸರು ಬಂದದ್ದು ಹೇಗೆ ಅಂತ ನನಗೊಂದು ಗುಮಾನಿ. ಮುಖದ ನರ ಊದಿಕೊಂಡರೂ ಬಾಯಿ ಸೊಟ್ಟಗಾಗುತ್ತದೆ. ಕೈಕಾಲು ಸರಿಯಾಗೇ ಇರುತ್ತದೆ, ಆ ಕಡೆ ಹಣೆ ಸುಕ್ಕು ಮಾಡಲು ಆಗುವುದಿಲ್ಲ. ಇದು ಸ್ಟ್ರೋಕ್ ಅಲ್ಲ, ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ನಾವು ಅದನ್ನೂ ಲಕ್ವ ಅಂದೆವು, ಎಣ್ಣೆ ತಿಕ್ಕಿದವರಿಗೆ ಹೆಸರು ಬಂತು. ಇನ್ನು ಸ್ವಲ್ಪ ಹೊತ್ತಿಗೆ ಸರಿಹೋಗುವ ಮಿನಿ ಸ್ಟ್ರೋಕ್ ಬೇರೆ. ವಾಸಿಯಾಯ್ತಲ್ಲ ಅಂತ ಮನೆಗೆ ಬರುತ್ತಾರೆ, ದೊಡ್ಡದು ಕೆಲವೇ ದಿನದಲ್ಲಿ ಬರಬಹುದು.

ಇಲ್ಲಿ ಎಲ್ಲಾ ಚೆನ್ನ ಅಂತಲ್ಲ. ಆಂಬುಲೆನ್ಸಿಗೆ ಕಾದು ಕಾದು ಸಾಕಾದವರು ಬೇಕಾದಷ್ಟು ಜನ. ಬೆಂಗಳೂರಿನಲ್ಲೂ ಈ ಚಿಕಿತ್ಸೆಗಳೆಲ್ಲ ಇವೆ, ಖಾಸಗಿಯಲ್ಲಿ ಲಕ್ಷಗಟ್ಟಲೆ ಬಿಲ್ಲು ಅಷ್ಟೇ. ಇಲ್ಲಿ ಅಜ್ಜನಿಗೆ ಬಿಲ್ಲೇ ಬರಲಿಲ್ಲ.

ಗುಂಪಿನಲ್ಲಿ ಬರೆದೆ: ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ದೊಡ್ಡಮ್ಮ ವಾಯ್ಸ್ ಮೆಸೇಜ್ ಹಾಕಿದರು, “ರಾತ್ರಿ ಹೊತ್ತು ನಮ್ ಕಡೆ ಯಾವ್ ಆಸ್ಪತ್ರೇಲಿ ಸ್ಕ್ಯಾನ್ ಮಾಡ್ತಾರಪ್ಪಾ?” ನನಗೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳು ಅಂತ ಊರಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.