“ಆಹ್ವಾನಪತ್ರಿಕೆ ನೋಡಿ ಬರೆದೆ ಸರ್”

ಈಗಷ್ಟೇ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಎಂ.ಎ. ವೈವಾ ಮುಗಿಸಿ ಬಂದೆ. ಯಾವುದು ಅಂತ ಕೇಳಬೇಡಿ. ನನ್ನನ್ನ ಮತ್ತೆ ಕರೆಯದಿದ್ರೂ ಪರವಾಗಿಲ್ಲ, ಆ ಮಕ್ಕಳಿಗೆ ತೊಂದರೆ ಆಗೋದು ಬೇಡ.

ಒಬ್ಬ ಹುಡುಗಿಗೆ ಸಂವಹನ ಸಿದ್ಧಾಂತಿ ಲಾಸ್‌ವೆಲ್ ಅಂದೆ ಅಷ್ಟೇ. 1948, ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಏನು ಪರಿಣಾಮ ಅಂತ ಒಂದೇ ಉಸಿರಲ್ಲಿ ಒಪ್ಪಿಸಿದಳು. ಸಂದೇಶ ಹೇಗೆ ಸಾಗುತ್ತೆ ಅಂತ ತೋರಿಸೋ ಶಾನನ್-ವೀವರ್ ಮಾದರಿಯ ಚಿತ್ರವನ್ನೂ ಬರೀಲಾ ಸರ್ ಅಂದಳು. ಬೇಡಮ್ಮ, ಈ ಎರಡು ವರ್ಷದಲ್ಲಿ ನೀನು ಬರೆದಿರೋ ಒಂದು ವರದಿ ತೋರಿಸು ಅಂದೆ. ತುಂಬಾ ಹೊತ್ತು ಸುಮ್ಮನಿದ್ದು, “ವಿಭಾಗದ ಸೆಮಿನಾರ್ ಬಗ್ಗೆ ಬರೆದಿದ್ದೆ ಸರ್.” ಯಾರನ್ನ ಮಾತಾಡಿಸಿದ್ದೆ? “ಆಹ್ವಾನಪತ್ರಿಕೆ ನೋಡಿ ಬರೆದೆ ಸರ್.”

ಅವಳ ಮೇಲೆ ಸಿಟ್ಟಿಲ್ಲ. ನಾಲ್ಕು ಸೆಮಿಸ್ಟರಿನಲ್ಲಿ ಒಂದು ದಿನವೂ ಅವಳನ್ನ ಕೋರ್ಟಿಗೋ ಪುರಸಭೆಗೋ ಅಟ್ಟದವರ ಮೇಲೆ ಸಿಟ್ಟು. ವಿದ್ಯಾರ್ಥಿಗಳೇ ತರೋ ಪ್ರಾಯೋಗಿಕ ಪತ್ರಿಕೆ ಇದೆಯಂತೆ, ತಪಾಸಣಾ ಸಮಿತಿ ಬರೋ ವರ್ಷ ತಪ್ಪದೇ ಹೊರಬರುತ್ತಂತೆ! ಮೊದಲ ಪುಟದಲ್ಲಿ ಕುಲಪತಿಗಳ ಸಂದೇಶ, ಎರಡನೇದರಲ್ಲಿ ವಿಭಾಗದ ಮುಖ್ಯಸ್ಥರದ್ದು.

ಅಮೆರಿಕದ ಮಿಸ್ಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ, ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಅಚ್ಚಾಗಿತ್ತು. ಕ್ಯಾಂಪಸ್ಸಿನದ್ದಷ್ಟೇ ಅಲ್ಲ, ಊರಿನ ಸುದ್ದಿಯ ಪತ್ರಿಕೆ. ಅದೂ ಸರ್ಕಾರಿ ವಿಶ್ವವಿದ್ಯಾಲಯವೇ, ಮತ್ತೆ ದುಡ್ಡಿಲ್ಲ ಅನ್ನೋ ರಾಗ ಎಳೀಬೇಡಿ. ಫೋನ್ ಮಾಡಿಸೋಕೆ ಎಷ್ಟು ಅನುದಾನ ಬೇಕು ಸ್ವಾಮಿ?

ಪಾಠ ಮಾಡೋ ಗೆಳೆಯರು ಈಗ ಹೇಳ್ತಾರೆ, ಸ್ನಾತಕೋತ್ತರ ಅಂದ್ರೆ ಸಿದ್ಧಾಂತ, ಕಸುಬು ಕಲಿಸೋ ಕಮ್ಮಟ ಅಲ್ಲ ಅಂತ. ಸರಿ, ಸಿದ್ಧಾಂತವನ್ನೇ ತಗೊಳ್ಳಿ. ಅಜೆಂಡಾ ಸೆಟ್ಟಿಂಗ್, ಅಂದ್ರೆ ಮಾಧ್ಯಮ ಒತ್ತು ಕೊಟ್ಟ ವಿಷಯವೇ ಜನರಿಗೂ ಮುಖ್ಯ ಅನ್ನಿಸುತ್ತೆ ಅಂತ ಬಾಯಿಪಾಠ ಮಾಡಿಸ್ತೀರಲ್ಲ, ಮೆಕ್‌ಕೋಂಬ್ಸ್ ಮತ್ತು ಶಾ ಅದನ್ನ ಗೈಡ್ ನೋಡಿ ಬರೆದಿದ್ದಲ್ಲ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹೊತ್ತಲ್ಲಿ, ಇನ್ನೂ ಯಾರಿಗೆ ಮತ ಅಂತ ಗಟ್ಟಿ ಮಾಡಿಕೊಳ್ಳದ ಚಾಪೆಲ್ ಹಿಲ್‌ನ 100 ಮತದಾರರನ್ನ ಸಂದರ್ಶಿಸಿ, ಅವರಂದಿದ್ದನ್ನ ಮಾಧ್ಯಮಗಳ ಸುದ್ದಿ ಪಕ್ಕ ಇಟ್ಟು ನೋಡಿದ್ರು. ನಿಮ್ಮ ಸಿದ್ಧಾಂತಿಗಳೂ ಜನರನ್ನ ಮಾತಾಡಿಸಿದೋರೇ!

ಇಷ್ಟೆಲ್ಲ ಯಾಕೆ ಕೂಗಾಡ್ತಿದ್ದೀನಿ ಅಂದ್ರೆ, ನಾನೂ ಇದೇ ಅಚ್ಚಿನಲ್ಲಿ ತಯಾರಾದ ಬೊಂಬೆ. ರ‍್ಯಾಂಕ್ ಬಂದಿತ್ತು. ನನ್ನ ಮೊದಲ ಅಪಘಾತದ ವರದಿಯಲ್ಲಿ ಸತ್ತವರ ಹೆಸರೇ ತಪ್ಪಿತ್ತು. ಠಾಣೆಗೆ ಇನ್ನೊಮ್ಮೆ ಫೋನ್ ಮಾಡಿ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಮಾರನೇ ದಿನ ಅವರ ಮಗ ಕಚೇರಿಗೆ ಬಂದ. ಬೈಯಲಿಲ್ಲ. ಪೇಪರ್ ಮೇಜಿನ ಮೇಲೆ ಹರಡಿ ಹೆಸರಿನ ಮೇಲೆ ಬೆರಳಿಟ್ಟ, ಅಷ್ಟೇ. ಇವತ್ತಿಗೂ ಯಾರ ಹೆಸರು ಬರೀಬೇಕಾದ್ರೂ ಆ ಬೆರಳು ಕಾಣುತ್ತೆ.

ವೈವಾದಲ್ಲಿ ಅಂಕ ಹಾಕೋ ಹಾಳೆಯಲ್ಲಿ ಪ್ರಬಂಧಕ್ಕೆ, ಮಂಡನೆಗೆ, ಉಲ್ಲೇಖಪಟ್ಟಿಗೆ ಒಂದೊಂದು ಕಾಲಮ್ ಇತ್ತು. ವರದಿಗಾರಿಕೆಗೆ ಇರಲಿಲ್ಲ. ಅವಳಿಗೆ ಒಳ್ಳೇ ಅಂಕವನ್ನೇ ಕೊಟ್ಟೆ, ಇನ್ನೇನು ಮಾಡ್ಲಿ.

ಹೊರಡುವಾಗ ಹಿಂದೆಯೇ ಓಡಿಬಂದಳು. “ಸರ್, ಗೊತ್ತಿಲ್ಲದವರಿಗೆ ಫೋನ್ ಮಾಡಿದ್ರೆ ಮೊದಲು ಏನಂತ ಶುರು ಮಾಡೋದು?”

ಕಾರಿಡಾರಿನಲ್ಲೇ ನಿಂತು ಹೇಳಿಕೊಟ್ಟೆ. ಹತ್ತು ನಿಮಿಷ ಹಿಡೀತು.