ಬೂಟ್ ಕಚ್ಚಿದ್ದು ಮೂರು ವಾರ, ಹಾಕಿದ್ದು ಹನ್ನೊಂದು ವರ್ಷ

ದೀಪಾವಳಿ ಕ್ಲೀನಿಂಗ್ ಶುರುವಾದ್ರೆ ನಮ್ಮನೇಲಿ ಮೊದಲು ವಿಚಾರಣೆಗೆ ಬರೋದು ನನ್ನ ಬೂಟು. "ಈ ಸಲನಾದ್ರೂ ಇದನ್ನ ಬಿಸಾಕ್ತೀರೋ ಇಲ್ವೋ" ಅಂತ ಹೆಂಡತಿ ಕೇಳ್ತಾಳೆ, ನಾನು ಫೋನ್ ಬಂದೋನ ಥರ ಬಾಲ್ಕನಿಗೆ ಎದ್ದು ಹೋಗ್ತೀನಿ. ಬಿಸಾಕಲ್ಲ. ಯಾಕೆ ಬಿಸಾಕಲ್ಲ ಅಂತ ಅವಳಿಗೆ ಬಾಯಲ್ಲಿ ಹೇಳಿ ಗೆಲ್ಲೋಕಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

2014ರಲ್ಲಿ ತಗೊಂಡಿದ್ದು. ಬ್ರೌನ್ ಲೆದರು, ಕಣಕಾಲು ಮುಚ್ಚೋಷ್ಟು ಎತ್ತರ, ಲೇಸ್ ಕಟ್ಟೋ ಬೂಟು. ರೇಟು ಆಗಿನ ನನ್ನ ರೂಮ್ ಬಾಡಿಗೆಗಿಂತ ಜಾಸ್ತಿ. ಈಗ ಅದನ್ನ ಬ್ರೌನ್ ಅನ್ನೋಕಾಗಲ್ಲ, ಬೆರಳು ಮಡಚೋ ಜಾಗದಲ್ಲಿ ಜೋನಿಬೆಲ್ಲದ ಬಣ್ಣ, ಹಿಮ್ಮಡಿ ಹತ್ರ ಹುರಿದ ಕಾಫಿಬೀಜದ ಬಣ್ಣ, ಎಡಗಾಲಿನದ್ರ ಮೇಲೆ ಮಾತ್ರ ಬೈಕಿನ ಗೇರ್ ಲಿವರ್ ಹನ್ನೊಂದು ವರ್ಷ ತಿಕ್ಕಿ ತಿಕ್ಕಿ ಒಂದು ಕಪ್ಪು ಮಚ್ಚೆ, ಎಷ್ಟು ಪಾಲಿಶ್ ಹೊಡೆದ್ರೂ ಹೋಗಲ್ಲ. ನೋಡೋಕೆ ಚೆನ್ನಾಗಿದೆ ಅಂತ ನಾನು ವಾದ ಮಾಡ್ತಿಲ್ಲ (ಚೆನ್ನಾಗಿದೆ, ಅದು ಬೇರೆ ಮಾತು). ನನ್ನ ವಾದ ಬೇರೆ. ಬೆಳಗ್ಗೆ ಇದನ್ನ ಹಾಕ್ಕೊಂಡ ಎರಡು ನಿಮಿಷಕ್ಕೆ, ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗುತ್ತೆ. ಅಂಗಡೀಲಿ ಹೊಸದಾಗಿ ಸಿಗೋ ಯಾವ ಶೂನೂ ನಂಗೆ ಈ ಮರೆವು ಕೊಟ್ಟಿಲ್ಲ.

ಹಾಗಂತ ಮೊದಲ ದಿನದಿಂದ್ಲೇ ಹೀಗಿತ್ತಾ? ಅಯ್ಯೋ. ಮೊದಲ ಮೂರು ವಾರ ನಾನು ನಡೀತಿದ್ದಿದ್ದು ಕುಂಟೆಬಿಲ್ಲೆ ಆಡೋ ಥರ. ಎರಡೂ ಹಿಮ್ಮಡೀಲಿ ಬೊಬ್ಬೆ, ಕಿರುಬೆರಳಿಗೆ ಬ್ಯಾಂಡೇಡು, ಆಫೀಸಲ್ಲಿ ಟೇಬಲ್ ಕೆಳಗೆ ಬೂಟ್ ಬಿಚ್ಚಿಟ್ಕೊಂಡು ಕೂರೋದು, ಬಾಸ್ ಕರೆದ್ರೆ ಕಾಲಲ್ಲೇ ಹುಡುಕೋದು. ಊರಿಗೆ ಫೋನ್ ಮಾಡಿ ಅಪ್ಪನ ಹತ್ರ ಗೋಳು ತೋಡ್ಕೊಂಡ್ರೆ ಅವರು ನಕ್ಕು, "ಚರ್ಮ ಐತಿ ತಮ್ಮಾ ಅದು, ಪ್ಲಾಸ್ಟಿಕ್ ಅಲ್ಲ. ಎಣ್ಣಿ ಹಚ್ಚು, ಸಂಜಿಕ ಮನಿಯಾಗ ಹಾಕ್ಕೊಂಡು ಅಡ್ಡಾಡು, ಅದಕ್ಕ ನಿನ್ನ ಕಾಲಿನ ಗುರ್ತ ಸಿಗಬೇಕು" ಅಂದ್ರು.

ಅಪ್ಪನಿಗೆ ಇದು ಗೊತ್ತಿರೋಕೆ ಕಾರಣ ಇದೆ, ನಮ್ಮದು ಅಥಣಿ ಕಡೆ. ಕೊಲ್ಲಾಪುರಿ ಚಪ್ಪಲ್ ಅಂತ ಹೆಸರು ಮಹಾರಾಷ್ಟ್ರದ ಕೊಲ್ಲಾಪುರದಿಂದ ಬಂದಿದ್ರೂ ಅಥಣಿ, ಮದಭಾವಿ, ನಿಪ್ಪಾಣಿ ಕಡೆ ಮನೆಮನೇಲಿ ಅದನ್ನ ಮಾಡ್ತಾರೆ. 2019ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರ ಕಡೆದೇ ಕಸುಬು ಅನ್ನೋ ಸರ್ಕಾರಿ ಮಾನ್ಯತೆ) ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ (ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ) ಎರಡಕ್ಕೂ ಸೇರಿಸೇ ಕೊಟ್ರು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ಹದ ಮಾಡಿದ ಚರ್ಮ, ಮೊಳೆ ಹೊಡೆಯಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಹೊಸದು ಹಾಕಿದ್ರೆ ಹಲಗೆ ಕಟ್ಕೊಂಡಂಗಿರುತ್ತೆ, ಕಚ್ಚದೇ ಇರೋ ಕೊಲ್ಲಾಪುರಿ ನಾನು ನೋಡಿಲ್ಲ. ಅಪ್ಪ ಹೊಸ ಜೋಡು ತಂದ್ರೆ ಹರಳೆಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡೋರು, ಆಮೇಲೆ ಹದಿನೈದು ದಿನ ಅಂಗಳದಲ್ಲಷ್ಟೇ ಕರ್ರ್ ಕರ್ರ್ ಅಂತ ಓಡಾಡೋರು. ಒಂದು ವರ್ಷ ಆದ್ಮೇಲೆ ಅದ್ರಲ್ಲಿ ಐದೂ ಬೆರಳಿನ ಕುಳಿ ಕಾಣ್ಸೋದು. ಚಿಕ್ಕೋನಿದ್ದಾಗ ನಾನು ಅದ್ರೊಳಗೆ ಕಾಲಿಟ್ರೆ ನನ್ನ ಬೆರಳು ಆ ಕುಳಿಗಳಿಗೆ ಎಟುಕ್ತಾನೇ ಇರ್ಲಿಲ್ಲ.

ಬೂಟಿಗೂ ಇದೇ ಲೆಕ್ಕ ಅಂತ ನಂಗೆ ಗೊತ್ತಾಗಿದ್ದು ಮೊದಲ ಸಲ ಸೋಲ್ ಬಿಚ್ಚಿಸಿದಾಗ. ನಂದು ಗುಡ್‌ಇಯರ್ ವೆಲ್ಟ್ ಅಂತಾರಲ್ಲ ಆ ಥರದ್ದು. (ಟೈರ್ ಕಂಪನಿ ಹೆಸರು ರಬ್ಬರ್‌ಗೆ ಗಂಧಕ ಸೇರಿಸಿ ಗಟ್ಟಿ ಮಾಡೋದು ಕಂಡುಹಿಡಿದ ಅಪ್ಪ ಗುಡ್‌ಇಯರ್‌ದು, ಈ ಬೂಟ್ ಹೊಲಿಗೆ ಮಷೀನು ಮಗ ಗುಡ್‌ಇಯರ್‌ದು.) ಮೇಲಿನ ಚರ್ಮಕ್ಕೆ ಸುತ್ತ ಒಂದು ಚರ್ಮದ ಪಟ್ಟಿ ಹೊಲೀತಾರೆ, ವೆಲ್ಟ್ ಅಂದ್ರೆ ಅದೇ, ಆ ಪಟ್ಟಿಗೆ ಸೋಲ್ ಹೊಲೀತಾರೆ, ಮಧ್ಯ ಉಳಿಯೋ ಸಂದಿಗೆ ಕಾರ್ಕ್ ತುಂಬ್ತಾರೆ. ನಾವು ನಡೆದು ನಡೆದು ಆ ಕಾರ್ಕ್ ನಮ್ಮ ಪಾದದ ಉಬ್ಬು ತಗ್ಗಿಗೆ ತಕ್ಕಂಗೆ ಅಮುಕಿ ಕೂತುಬಿಡುತ್ತೆ, ಅದರ ಮೇಲಿನ ಚರ್ಮದ ಹಾಸೂ ಅಷ್ಟೇ. ನನ್ನ ಬೂಟೊಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಹಸಿ ಸಿಮೆಂಟ್ ಮೇಲೆ ಯಾರೋ ಕಾಲಿಟ್ಟು ಹೋದಂಗೆ ನನ್ನ ಪಾದದ ಗುರುತಿದೆ. ಈಗಿನ ಮೆಮೊರಿ ಫೋಮ್ ಅಂತ ಮಾರ್ತಾರಲ್ಲ, ಅದಕ್ಕೆ ಹೆಸರಲ್ಲಷ್ಟೇ ಮೆಮೊರಿ, ಒತ್ತಿದ್ರೆ ತಗ್ಗುತ್ತೆ ಬಿಟ್ರೆ ಮೇಲೆ ಬರುತ್ತೆ, ಆರು ತಿಂಗಳಿಗೆ ದೋಸೆ ಥರ ಚಪ್ಪಟೆ. ಅಂಗಡೀಲಿ ಹಾಕಿದ ತಕ್ಷಣ ಹಾಯ್ ಅನ್ಸುತ್ತೆ, ನಾವು ಅದಕ್ಕೇ ದುಡ್ಡು ಕೊಡ್ತೀವಿ.

ಇಲ್ಲೊಂದು ಮಾತು ಸ್ಟ್ರಾಂಗಾಗಿ ಹೇಳ್ಬೇಕು. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್" ಅಂತ ಸೇಲ್ಸ್ ಹುಡುಗ್ರು ಹೇಳೋದ್ರಲ್ಲಿ ಅರ್ಧ ಮಾತ್ರ ನಿಜ. ಚರ್ಮ ಅಗಲಕ್ಕೆ ಬಿಟ್ಕೊಡುತ್ತೆ, ಉದ್ದಕ್ಕೆ ಬಿಟ್ಕೊಡಲ್ಲ. ಹೆಬ್ಬೆರಳು ಮುಂದೆ ತಾಗ್ತಿದ್ರೆ ಹತ್ತು ವರ್ಷ ಹಾಕಿದ್ರೂ ತಾಗ್ತಾನೇ ಇರುತ್ತೆ, ಅಂಥದ್ದನ್ನ ತಗೋಬೇಡಿ. ಪಾದದ ಅತೀ ಅಗಲದ ಜಾಗ, ಅಂದ್ರೆ ಹೆಬ್ಬೆರಳಿನ ಬುಡದ ಗಂಟು, ಅದು ಬೂಟ್ ಮಡಚೋ ಜಾಗದಲ್ಲೇ ಕೂರ್ಬೇಕು, ಅದೇ ಮುಖ್ಯ. ನಂಬರ್ ನಂಬ್ಕೊಂಡ್ರೆ ಕೆಟ್ರಿ. ಇಂಗ್ಲಿಷ್ ಸೈಜ್ ಅನ್ನೋದು ಹುಟ್ಟಿದ್ದೇ ಬಾರ್ಲಿ ಕಾಳಿನ ಅಳತೇಲಿ, ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ, ಅಂದ್ರೆ ಎಂಟೂವರೆ ಮಿಲಿಮೀಟರ್ ಹತ್ರ. ಯುರೋಪಿನ 42, 43 ಅನ್ನೋದ್ರಲ್ಲಿ ಒಂದೊಂದು ನಂಬರಿಗೆ ಆರೂಮುಕ್ಕಾಲು ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಎರಡೂ ಒಂದಕ್ಕೊಂದು ಸರಿಯಾಗಿ ಕೂರೋದೇ ಇಲ್ಲ, ಇನ್ನು ಆ ಆನ್‌ಲೈನ್ ಚಾರ್ಟ್ ನೋಡಿ ಆರ್ಡರ್ ಮಾಡಿ ರಿಟರ್ನ್ ಮಾಡೋದೇ ನಮ್ಮ ಪಾಡು. ಸಂಜೆ ಹೋಗಿ, ಕಾಲು ಸಂಜೆಗೆ ಸ್ವಲ್ಪ ಊದಿರುತ್ತೆ, ಎರಡೂ ಕಾಲಿಗೆ ಹಾಕಿ ನೋಡಿ, ದೊಡ್ಡ ಕಾಲು ಹೇಳಿದ್ದನ್ನ ಕೇಳಿ. ನಂದು ಎಡಗಾಲು ದೊಡ್ಡದು, ಗೊತ್ತಾಗಿದ್ದೇ ಮೂವತ್ತು ದಾಟಿದ್ಮೇಲೆ.

ಬಾಕ್ಸಲ್ಲಿ ಜೋಪಾನ ಮಾಡಿದ್ರೆ ಉಳಿಯುತ್ತೆ ಅನ್ನೋದೂ ಸುಳ್ಳು. ನನ್ನ ಹತ್ರ ಒಂದು ಫಂಕ್ಷನ್ ಶೂ ಇತ್ತು, ನಾಲ್ಕು ವರ್ಷದಲ್ಲಿ ಮೂರು ಸಲ ಹಾಕಿರಬಹುದು. ಭಾವಮೈದುನನ ಮದುವೆ ಛತ್ರದಲ್ಲಿ ನಡೀತಾ ನಡೀತಾ ಹಿಂದೆ ಏನೋ ಉದುರ್ತಿದೆ, ನೋಡಿದ್ರೆ ಸೋಲ್ ಹಳೇ ರಸ್ಕ್ ಥರ ಪುಡಿಪುಡಿ. ಆ ಪಾಲಿಯುರೆಥೇನ್ (ಒಂಥರಾ ಪ್ಲಾಸ್ಟಿಕ್) ಸೋಲುಗಳ ಕಥೆನೇ ಅಷ್ಟು, ಗಾಳೀಲಿರೋ ತೇವಕ್ಕೇ ಒಳಗೊಳಗೆ ಸಡಿಲ ಆಗ್ತಾ ಹೋಗುತ್ತೆ, ಹಾಕ್ಲಿ ಬಿಡ್ಲಿ. ಧಾರೆ ಮುಗಿಯೋ ಹೊತ್ತಿಗೆ ನಾನು ಬರಿಗಾಲು, ಸೋಲ್ ಸೋತಿತ್ತು. ಅದೇ ವಾರ ಹಳೇ ಬೂಟ್ ಹಾಕ್ಕೊಂಡು ಮುಳ್ಳಯ್ಯನಗಿರಿ ಹತ್ತಿ ಬಂದೆ.

ಅದಕ್ಕೆ ಎರಡು ಸಲ ಸೋಲ್ ಹಾಕ್ಸಿದೀನಿ, ಒಂದು ಸಲ ಹಿಮ್ಮಡಿ. ಹಾಕೋರು ನಮ್ಮ ಏರಿಯಾ ಬಸ್‌ಸ್ಟಾಪ್ ಪಕ್ಕ ಕೂರೋ ಅಣ್ಣ, ಹೆಸರು ಬೇಡ. ಮೊದಲ ಸಲ ಹೋದಾಗ ಬೂಟನ್ನ ತಲೆಕೆಳಗೆ ಮಾಡಿ ನೋಡಿ, "ಬೈಕ್ ಜಾಸ್ತಿ ಓಡಿಸ್ತೀರಾ, ಹೊರಗಡೆ ಅಂಚಿನ ಮೇಲೆ ನಡೀತೀರಾ, ಎಡಗಡೆ ಸೊಂಟ ನೋಯುತ್ತಾ?" ಅಂದ್ರು. ನೋಯುತ್ತೆ! ಆ ಜ್ಯೋತಿಷ್ಯಕ್ಕೆ ಫೀಸ್ ತಗೊಳ್ಳಿಲ್ಲ. ಚರ್ಮ ಕೊಯ್ಯೋ ರಂಪಿಗೇಲಿ ಹಳೇ ಸೋಲ್ ಸೀಳಿ, ಮೇಣ ತಿಕ್ಕಿದ ದಾರದಲ್ಲಿ ಆ ವೆಲ್ಟ್‌ನ ಹಳೇ ತೂತುಗಳನ್ನೇ ಹುಡುಕಿ ಹುಡುಕಿ ಕೈಯಲ್ಲಿ ಹೊಲಿದ್ರು, ಹೊಸ ತೂತು ಮಾಡಿದ್ರೆ ಪಟ್ಟಿ ಹರಿಯುತ್ತಂತೆ. ಕಾರ್ಕ್ ಬದಲಾಯಿಸ್ಬೇಕಾ ಅಂತ ಕೇಳಿದ್ದಕ್ಕೆ, "ಬೇಡ ಬಿಡಿ, ನಿಮ್ಮ ಕಾಲು ಅಷ್ಟು ಕಷ್ಟಪಟ್ಟು ಮಾಡ್ಕೊಂಡಿದೆ" ಅಂದ್ರು.

ಜುಜುಬಿ ರೇಟಿಗೆ ಈ ಕೆಲಸ. ಚೌಕಾಸಿ ಮಾಡೋರನ್ನ ಅಲ್ಲೇ ನಿಂತು ನೋಡಿದೀನಿ, ಐದು ಸಾವಿರದ ಶೂ ಹಾಕ್ಕೊಂಡು ಬಂದು ಇಪ್ಪತ್ತು ರೂಪಾಯಿಗೆ ಜಗಳ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲಿ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ಹೇಳ್ತಾ ಕಣ್ಣೊರೆಸ್ಕೊಳ್ಳೋ ಊರಲ್ಲೇ ಹುಟ್ಟಿದೋನು ನಾನು, ಅದೇ ಊರಲ್ಲಿ ಚಪ್ಪಲಿ ಹೊಲಿಯೋ ಸಮಗಾರರ ಓಣಿ ಎಲ್ಲಿತ್ತು ಅಂತಾನೂ ಗೊತ್ತು. 2025ರ ಜೂನಲ್ಲಿ ಮಿಲಾನ್‌ನ ಫ್ಯಾಶನ್ ಶೋದಲ್ಲಿ ಇಟಲಿಯ ಪ್ರಾಡಾ ಕಂಪನಿಯೋರು ಕೊಲ್ಲಾಪುರಿ ಥರದ್ದೇ ಚಪ್ಪಲ್ ನಡೆಸಿದಾಗ ನಮ್ಮೋರೆಲ್ಲ ಕೂಗಾಡಿದ್ರು, ಆಮೇಲೆ ಇದು ಭಾರತದ ಕಸುಬಿಂದ ಬಂದಿದ್ದು ಅಂತ ಅವರು ಒಪ್ಕೊಂಡ್ರು. ಕೂಗಾಡಿದ್ದು ಸರಿ. ಆದ್ರೆ ಕೂಗಾಡಿದೋರಲ್ಲಿ ಎಷ್ಟು ಜನ ಅಥಣಿ ಜೋಡು ಕೊಂಡು ಹದಿನೈದು ದಿನ ಕಚ್ಚಿಸ್ಕೊಂಡಿದಾರೆ ಅಂತ ನಂಗೆ ಸಣ್ಣ ಡೌಟು.

ಇನ್ನೊಂದು, ಈಗ ಹೊಸ ಬೂಟನ್ನೇ ಉಜ್ಜಿ ಬಣ್ಣ ಬಳಿದು ಹಳೇದರ ಥರ ಮಾಡಿ ಮಾರ್ತಾರೆ, ಡಿಸ್ಟ್ರೆಸ್ಡ್ ಅಂತೆ. ನೆರಿಗೆ ಇರುತ್ತೆ, ಆದ್ರೆ ನಮ್ಮ ಬೆರಳು ಮಡಚೋದು ಅಲ್ಲಲ್ಲ, ಒಂದು ಇಂಚು ಹಿಂದೆ! ಬೇರೆಯವರ ಹಸ್ತರೇಖೆ ಕೈಮೇಲೆ ಹಚ್ಚೆ ಹಾಕಿಸ್ಕೊಂಡಂಗೆ.

ಭಾವಮೈದುನ, ಅದೇ ಮದುವೆ ಹುಡುಗ, ಹೋದ ತಿಂಗಳು ಮನೆಗೆ ಬಂದಾಗ ಟ್ರೆಕ್ ಹೋಗ್ಬೇಕು ಭಾವ, ಒಂದಿನ ಬೂಟ್ ಕೊಡಿ ಅಂದ. ಅವನದೂ ನನ್ನ ನಂಬರೇ. ಸಂತೋಷವಾಗಿ ಹಾಕ್ಕೊಂಡು ಲಿಫ್ಟ್‌ವರೆಗೆ ಹೋದೋನು ಅಲ್ಲಿಂದ್ಲೇ ವಾಪಸ್ ಬಂದ, "ಏನ್ ಭಾವ ಇದು, ಒಳಗೆ ಆಗ್ಲೇ ಯಾರೋ ನಿಂತಿದಾರೆ" ಅಂತ. ಹೆಂಡತಿ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸ್ತು.

ಈಗ ಬಲಗಡೆದು ಮುಂದೆ ಹೊಲಿಗೆ ಬಿಟ್ಟಿದೆ. ಬೆಳಗ್ಗೆ ಕೊಟ್ಟು ಹವಾಯಿ ಚಪ್ಪಲೀಲಿ ಮನೆಗೆ ಬಂದೆ, ಶುಕ್ರವಾರ ಬನ್ನಿ ಅಂದಿದಾರೆ ಅಣ್ಣ. ಹಬ್ಬದ ಕ್ಲೀನಿಂಗ್ ಗುರುವಾರವೇ ಮುಗಿಯುತ್ತೆ, ಅದನ್ನ ಲೆಕ್ಕ ಹಾಕಿಯೇ ಕೊಟ್ಟಿದ್ದು.